ಚಾಂಪಿಯನ್ ರೀಫ್‌ನ ಆಳ, ಸಿಲ್ವಿಯಾದ ಒಡಲು

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅದೇ ತಿಂಗಳ 18ರಂದು ಹವಾಯಿಯ ಕೆಕ್ ದೂರದರ್ಶಕದ ಮೂಲಕ ಮೈಕೆಲ್ ಬ್ರೌನ್ ಮತ್ತು ಜಾನ್-ಲೂಕ್ ಮಾರ್ಗೋ ಅವರು ಸಿಲ್ವಿಯಾ ಎಂಬ ದೊಡ್ಡ ಕ್ಷುದ್ರಗ್ರಹಕ್ಕೆ ಚಂದ್ರನೊಂದಿರುವುದನ್ನು ಕಂಡುಹಿಡಿದರು. ಇದು ಬರಿಯ ಕಾಕತಾಳೀಯ; ಆದರೆ ಗಣಿಯನ್ನು ಕೊನೆಯವರೆಗೂ ಕಾಡಿದ ಬಂಡೆಯ ಭಾರವನ್ನು ಬಲ್ಲವರಿಗೆ ಸಿಲ್ವಿಯಾದ ವಿಚಿತ್ರ ಬೇಗನೆ ತಿಳಿಯುತ್ತದೆ.

ಸಿಲ್ವಿಯಾವನ್ನು 1866ರ ಮೇ 16ರಂದು ಮೊದಲು ಕಂಡವರು ಮದರಾಸು ವೀಕ್ಷಣಾಲಯದ ನಾರ್ಮನ್ ಪಾಗ್ಸನ್. ಆ ವೀಕ್ಷಣಾಲಯದ ಪರಂಪರೆಯೇ ಕೊಡೈಕನಾಲಿನ ಮೂಲಕ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ಗೆ ಬಂದಿದೆ. ಮಂಗಳ ಮತ್ತು ಗುರುವಿನ ನಡುವಣ ಕ್ಷುದ್ರಗ್ರಹ ಪಟ್ಟಿಯ ಹೊರ ಅಂಚಿನಲ್ಲಿ ಸುತ್ತುವ, ಸರಾಸರಿ 270 ಕಿಲೋಮೀಟರ್ ಅಡ್ಡಳತೆಯ ಈ ಕಾಯ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನಷ್ಟೇ ಮರಳಿಸುತ್ತದೆ. ಈ ಕಪ್ಪಿಗೆ ಇಂಗಾಲದ ಸಂಯುಕ್ತಗಳೇ ಕಾರಣವೆಂದು ವಿಜ್ಞಾನಿಗಳು ಊಹಿಸುತ್ತಾರೆ. ಕ್ಷುದ್ರಗ್ರಹವೆಂದೊಡನೆ ಪ್ರಳಯದ ಭವಿಷ್ಯ ನುಡಿಯುವ ಟೀವಿ ಜ್ಯೋತಿಷಿಗಳಿಗೆ ಇದರಿಂದ ಯಾವ ಉಪಯೋಗವೂ ಇಲ್ಲ, ಏಕೆಂದರೆ ಭೂಮಿಗೂ ಸೂರ್ಯನಿಗೂ ಇರುವ ದೂರದ ಮೂರು ಪಟ್ಟಿಗಿಂತ ಸೂರ್ಯನ ಹತ್ತಿರಕ್ಕೆ ಅದು ಬರುವುದೇ ಇಲ್ಲ.

ರೊಮುಲಸ್ ಎಂದು ಹೆಸರಾದ ಆ ಚಂದ್ರ ಸುಮಾರು 1350 ಕಿಲೋಮೀಟರ್ ದೂರದಲ್ಲಿ 3.65 ದಿನಗಳಿಗೊಮ್ಮೆ ಸುತ್ತು ಹಾಕುವುದರಿಂದ ಸಿಲ್ವಿಯಾದ ದ್ರವ್ಯರಾಶಿಯನ್ನು ಲೆಕ್ಕಹಾಕಲು ಸಾಧ್ಯವಾಯಿತು. 2004ರಲ್ಲಿ ರೀಮಸ್ ಎಂಬ ಎರಡನೆಯ ಚಂದ್ರನೂ ಸಿಕ್ಕಿದಾಗ, ಎರಡು ಚಂದ್ರರಿರುವುದು ತಿಳಿದುಬಂದ ಮೊದಲ ಕ್ಷುದ್ರಗ್ರಹ ಇದೇ ಆಯಿತು. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದಾಗ ದೊರೆತ ಸಾಂದ್ರತೆ ಬೆರಗು ಹುಟ್ಟಿಸುವಂಥದು: ಕೋಲಾರದ ಕರಿಗಲ್ಲು ನೀರಿನ ಮೂರು ಪಟ್ಟು ತೂಗಿದರೆ, ಸಿಲ್ವಿಯಾ ನೀರಿಗಿಂತ ಸ್ವಲ್ಪವೇ ಹೆಚ್ಚು ತೂಗುತ್ತದೆ. ಹಾಗಾದರೆ ಅದರ ಒಳಗೆ ಪೊಳ್ಳುಗಳೋ ಹಿಮವೋ ಅಥವಾ ಎರಡೂ ಸೇರಿಯೋ ಇರಲೇಬೇಕು.

ಪೊಳ್ಳುಗಳು ಕುಸಿಯದೆ ಉಳಿಯುವುದು ಹೇಗೆ? 3.2 ಕಿಲೋಮೀಟರ್ ಆಳಕ್ಕಿಳಿದ ಕೋಲಾರದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೂ ಸುಮಾರು ಒಂದು ಟನ್ ಬಂಡೆಯ ಭಾರ ಬೀಳುತ್ತದೆ; ಸುರಂಗ ಕೊರೆದಾಗ ಬಂಡೆಗಳು ಸಿಡಿಯುತ್ತಿದ್ದದ್ದು, ಅಂದರೆ ಗಣಿಯವರ ಮಾತಿನ 'ರಾಕ್ ಬರ್ಸ್ಟ್' ಆಗುತ್ತಿದ್ದದ್ದು, ಇದರಿಂದಲೇ. ಇಂಥ ಒತ್ತಡವನ್ನು ಅಭ್ಯಸಿಸುವ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಆ ಗಣಿಗಳ ಊರಾದ ಕೆಜಿಎಫ್‌ನಲ್ಲಿಯೇ. ಸಿಲ್ವಿಯಾದ ಗುರುತ್ವವಾದರೋ ಭೂಮಿಯದರ ಇನ್ನೂರನೆಯ ಒಂದು ಪಾಲಿನ ಆಸುಪಾಸು, ಆದ್ದರಿಂದ ಅಷ್ಟೇ ಆಳದಲ್ಲಿ ಅಲ್ಲಿನ ಒತ್ತಡ ಚದರ ಸೆಂಟಿಮೀಟರಿಗೆ ಕೇವಲ ಎರಡು ಕಿಲೋಗ್ರಾಂ. ಅದರ ನಟ್ಟನಡುವಿನಲ್ಲಿಯೂ ಒತ್ತಡ ಸುಮಾರು ಐವತ್ತು ಕಿಲೋಗ್ರಾಂಗಳ ಹತ್ತಿರವಷ್ಟೇ ನಿಲ್ಲುತ್ತದೆ. ಕೋಲಾರದ ಗಣಿಗಳಲ್ಲಿ ಇನ್ನೂರು ಮೀಟರ್ ಇಳಿಯುವ ಮೊದಲೇ ಬಂಡೆ ಹೊರುವ ಭಾರ ಅದು.