ಬೆಕ್ಕಿನ ಉಗುರು ತೆಗೆಸುವ ಶಸ್ತ್ರಚಿಕಿತ್ಸೆ: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ಪಶು ಆಸ್ಪತ್ರೆಗಳಿಗೆ ದನ, ಎಮ್ಮೆ, ಕುರಿ, ಮೇಕೆಗಳ ಜೊತೆಗೆ ಸಾಕು ಬೆಕ್ಕುಗಳನ್ನೂ ಚಿಕಿತ್ಸೆಗೆ ತರಲಾಗುತ್ತದೆ. ನಗರದ ಬಡಾವಣೆಗಳಲ್ಲಿ ಬೆಕ್ಕನ್ನು ಹೊರಗೆ ಬಿಡದೆ ಮನೆಯೊಳಗೇ ಸಾಕುವ ಕುಟುಂಬಗಳೂ ಇವೆ. ಇಂತಹವರಲ್ಲಿ ಕೆಲವರು, ಬೆಕ್ಕು ಸೋಫಾ ಮತ್ತು ಪರದೆಗಳನ್ನು ಹರಿಯುತ್ತದೆ, ಮಕ್ಕಳನ್ನು ಪರಚುತ್ತದೆ, ಬಾಡಿಗೆ ಮನೆಯ ಮಾಲೀಕರು ಆಕ್ಷೇಪಿಸುತ್ತಾರೆ ಎಂಬ ಕಾರಣಗಳನ್ನು ನೀಡಿ, ಅದರ ಉಗುರುಗಳನ್ನು ಶಾಶ್ವತವಾಗಿ ತೆಗೆಸಲು ಅವಕಾಶವಿದೆಯೇ, ಅದಕ್ಕೆ ಅರ್ಜಿ ಎಲ್ಲಿ ಸಲ್ಲಿಸಬೇಕು ಎಂದು ವಿಚಾರಿಸುವುದುಂಟು. ಇಂತಹ ಶಸ್ತ್ರಚಿಕಿತ್ಸೆಯನ್ನು ಕಾನೂನಿನ ಮೂಲಕವೇ ನಿಷೇಧಿಸಬೇಕೆಂದು ಕೋರುವವರೂ ಇದ್ದಾರೆ. ಈ ಎರಡೂ ಬಗೆಯ ಅರ್ಜಿದಾರರ ಮಾಹಿತಿಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ.

ಮೊದಲನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಉಗುರು ತೆಗೆಯುವುದು ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿಯಲ್ಲಿ ಬರುವ ಸೇವೆಯಲ್ಲ. ಅದಕ್ಕೆ ನಿಗದಿತ ಅರ್ಜಿ ನಮೂನೆಯೂ ಇರುವುದಿಲ್ಲ. ಉಗುರಿನ ಬುಡದಲ್ಲಿ ಗಡ್ಡೆ, ಗುಣವಾಗದ ಸೋಂಕು ಅಥವಾ ಅಪಘಾತದಿಂದ ಜಜ್ಜಿಹೋದ ಬೆರಳು ಇದ್ದಲ್ಲಿ ಮಾತ್ರ, ಪಶುವೈದ್ಯರು ಪರೀಕ್ಷಿಸಿ, ಆ ಒಂದು ಬೆರಳಿನ ಮಟ್ಟಿಗೆ ಶಸ್ತ್ರಚಿಕಿತ್ಸೆಯ ತೀರ್ಮಾನ ಕೈಗೊಳ್ಳುತ್ತಾರೆ. ಅದು ಚಿಕಿತ್ಸೆಯಾಗಿದ್ದು, ಇಲ್ಲಿ ಚರ್ಚಿಸುತ್ತಿರುವ ವಿಷಯಕ್ಕೆ ಸೇರುವುದಿಲ್ಲ.

ಉಗುರು ತೆಗೆಯುವುದು ಎಂದರೆ ಏನು?

"ಉಗುರು ತೆಗೆಯುವುದು" ಎಂಬ ಮಾತೇ ಜನರನ್ನು ದಾರಿ ತಪ್ಪಿಸುವಂತಿದೆ. ಮನುಷ್ಯರು ಉಗುರು ಕತ್ತರಿಸಿಕೊಳ್ಳುವಂತೆ, ಸ್ವಲ್ಪ ಹೆಚ್ಚಾಗಿ ಕತ್ತರಿಸುವುದೆಂದು ಹಲವರು ಭಾವಿಸಿರುತ್ತಾರೆ. ವಾಸ್ತವದಲ್ಲಿ ಮನುಷ್ಯನ ಉಗುರು ಬೆರಳಿನ ಚರ್ಮದ ಮೇಲೆ ಬೆಳೆದರೆ, ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಯಿಂದಲೇ ಬೆಳೆಯುತ್ತದೆ. ಆ ಮೂಳೆಯನ್ನು ಉಳಿಸಿ ಉಗುರನ್ನಷ್ಟೇ ತೆಗೆದರೆ ಉಗುರು ಮತ್ತೆ ಬೆಳೆಯುತ್ತದೆ. ಆದ್ದರಿಂದ ಈ ಶಸ್ತ್ರಚಿಕಿತ್ಸೆಯಲ್ಲಿ ಪ್ರತಿ ಬೆರಳಿನ ಕೊನೆಯ ಗಂಟನ್ನೇ ಮೂಳೆಸಹಿತ ಕತ್ತರಿಸಲಾಗುತ್ತದೆ. ಮನುಷ್ಯನಿಗೆ ಹೋಲಿಸುವುದಾದರೆ, ಕೈಬೆರಳುಗಳನ್ನೆಲ್ಲ ತುದಿಯ ಗೆಣ್ಣಿನವರೆಗೆ ಕತ್ತರಿಸಿದಂತೆ. ಬೆಕ್ಕಿನ ಮುಂದಿನ ಪ್ರತಿ ಪಾದದಲ್ಲಿ 5, ಹಿಂದಿನ ಪ್ರತಿ ಪಾದದಲ್ಲಿ 4, ಒಟ್ಟು 18 ಉಗುರುಗಳಿರುತ್ತವೆ. ಮುಂದಿನ ಎರಡು ಪಾದಗಳಿಗೆ ಮಾತ್ರ ಮಾಡಿಸಿದರೂ 10 ಬೆರಳುಗಳ ತುದಿ ಹೋಗುತ್ತದೆ. ಕತ್ತರಿಸುವ ಸಾಧನ ಚಾಕುವಾಗಲಿ, ಲೇಸರ್ ಆಗಲಿ, ತೆಗೆಯುವ ಮೂಳೆ ಒಂದೇ.

ಬೆಕ್ಕು ಅಂಗಾಲನ್ನು ಊರದೆ, ಬೆರಳುಗಳ ಮೇಲೆ ನಡೆಯುವ ಪ್ರಾಣಿ. ಬೆರಳ ತುದಿ ಹೋದ ಮೇಲೆ ಅದರ ನಡಿಗೆಯೇ ಬದಲಾಗುತ್ತದೆ. ದೇಹದ ಭಾರ ಬೇರೆಡೆ ಬೀಳುತ್ತದೆ. 2018ರಲ್ಲಿ ಬೆಕ್ಕುಗಳ ವೈದ್ಯಕೀಯಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ನಿಯತಕಾಲಿಕವೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 274 ಬೆಕ್ಕುಗಳನ್ನು ಪರೀಕ್ಷಿಸಲಾಗಿತ್ತು. ಅವುಗಳಲ್ಲಿ 137 ಉಗುರು ತೆಗೆಸಿದವು, 137 ತೆಗೆಸದವು. ಉಗುರು ತೆಗೆಸಿದ ಬೆಕ್ಕುಗಳಲ್ಲಿ ಬೆನ್ನುನೋವು, ಕಚ್ಚುವ ಸ್ವಭಾವ ಹಾಗೂ ನಿಗದಿತ ಸ್ಥಳ ಬಿಟ್ಟು ಮನೆಯಲ್ಲಿ ಬೇರೆಡೆ ಮಲಮೂತ್ರ ಮಾಡುವ ತೊಂದರೆ ಗಣನೀಯವಾಗಿ ಹೆಚ್ಚಾಗಿದ್ದವು. ಎಕ್ಸ್-ರೇ ತೆಗೆದಾಗ ಶೇ. 63ರಷ್ಟು ಬೆಕ್ಕುಗಳ ಪಾದದಲ್ಲಿ ಕತ್ತರಿಸಿ ಉಳಿದ ಮೂಳೆಯ ಚೂರುಗಳು ಕಂಡುಬಂದವು. ಅಂತಹ ಚೂರಿನ ಮೇಲೆ ಪ್ರತಿ ಹೆಜ್ಜೆ ಇಡುವ ಬೆಕ್ಕು ಮರಳು ತುಂಬಿದ ತಟ್ಟೆಯನ್ನು ಕೆದಕಲು ಹಿಂಜರಿಯುವುದು ಸಹಜ. ಸೋಫಾ ಉಳಿಸಲು ಹೋಗಿ ಹಾಸಿಗೆಯನ್ನು ಕಳೆದುಕೊಳ್ಳುವ ಈ ಲೆಕ್ಕ ಯಾವ ಖಾತೆ ಪುಸ್ತಕದಲ್ಲೂ ತಾಳೆಯಾಗುವುದಿಲ್ಲ.

ಮೂಳೆಯನ್ನು ಉಳಿಸಿ, ಉಗುರನ್ನು ಹೊರಚಾಚುವ ಸ್ನಾಯುರಜ್ಜುವನ್ನು ಮಾತ್ರ ಕತ್ತರಿಸುವ ಇನ್ನೊಂದು ವಿಧಾನವೂ ಇದೆ. ಅದರಲ್ಲಿ ಉಗುರು ಬೆಳೆಯುತ್ತಲೇ ಇರುತ್ತದೆ, ಬೆಕ್ಕಿಗೆ ಅದನ್ನು ಸವೆಸಲು ಆಗುವುದಿಲ್ಲ. ಪಾಲಕರು ಗಮನಿಸದಿದ್ದರೆ ಬಾಗಿ ಬೆಳೆದ ಉಗುರು ಪಾದದ ಮೆತ್ತೆಯನ್ನೇ ಚುಚ್ಚುತ್ತದೆ. ಇದನ್ನು ಸೌಮ್ಯ ವಿಧಾನವೆಂದು ತಿಳಿಯಬಾರದು.

ಪರಚಿದರೆ ಅಪಾಯವಿಲ್ಲವೇ?

ಮಕ್ಕಳಿರುವ ಮನೆಯವರ ಆತಂಕ ನಿಜವಾದದ್ದು, ಅದನ್ನು ತಳ್ಳಿಹಾಕಲಾಗದು. ಆದರೆ ರೇಬೀಸ್ ರೋಗಾಣು ಇರುವುದು ರೋಗಪೀಡಿತ ಪ್ರಾಣಿಯ ಜೊಲ್ಲಿನಲ್ಲಿ. ಉಗುರು ಕಳೆದುಕೊಂಡ ಬೆಕ್ಕಿಗೆ ಆತ್ಮರಕ್ಷಣೆಗೆ ಉಳಿಯುವುದು ಹಲ್ಲು ಮಾತ್ರ. ಅಂದರೆ ಹೆಚ್ಚು ಅಪಾಯದ ಗಾಯಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಬೆಕ್ಕು ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅರಿಶಿನ, ಸುಣ್ಣ, ಕಾರದಪುಡಿ ಇತ್ಯಾದಿ ಯಾವುದನ್ನೂ ಹಚ್ಚದೆ, ಅದೇ ದಿನ ರಾಯಚೂರಿನ ರಿಮ್ಸ್ ಬೋಧಕ ಆಸ್ಪತ್ರೆ ಅಥವಾ ದೇವದುರ್ಗ, ಮಾನ್ವಿಯ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ತೋರಿಸತಕ್ಕದ್ದು. ಸಾಕು ಬೆಕ್ಕಿಗೆ ಪಶು ಆಸ್ಪತ್ರೆಯಲ್ಲಿ ಕಾಲಕಾಲಕ್ಕೆ ರೇಬೀಸ್ ಲಸಿಕೆ ಹಾಕಿಸುವುದು ಉಗುರು ತೆಗೆಸುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ರಕ್ಷಣೆ ನೀಡುತ್ತದೆ.

ಇನ್ನು ಮನೆಯ ಸಾಮಾನುಗಳ ವಿಷಯ. ಬೆಕ್ಕು ಹಟಕ್ಕೆ ಪರಚುವುದಿಲ್ಲ. ಉಗುರಿನ ಮೇಲಿನ ಹಳೆಯ ಪೊರೆಯನ್ನು ಕಳಚಲು, ಮೈಮುರಿಯಲು ಮತ್ತು ಪಾದದ ಗ್ರಂಥಿಗಳ ವಾಸನೆಯಿಂದ ತನ್ನ ಜಾಗವನ್ನು ಗುರುತಿಸಲು ಅದು ಪರಚಲೇಬೇಕು. ಪರಚಲು ಯೋಗ್ಯವಾದ ವಸ್ತುವನ್ನು ಒದಗಿಸುವುದೇ ಇದಕ್ಕೆ ಪರಿಹಾರ. ಭತ್ತ, ಅಕ್ಕಿ ಗಿರಣಿಗಳಿರುವ ನಮ್ಮ ಜಿಲ್ಲೆಯಲ್ಲಿ ಹಳೆಯ ಗೋಣಿಚೀಲಕ್ಕೆ ಕೊರತೆ ಇರುವುದಿಲ್ಲ. ಸುಮಾರು ಮೂರು ಅಡಿ ಎತ್ತರದ ಮರದ ತುಂಡೊಂದಕ್ಕೆ ಗೋಣಿತಟ್ಟು ಅಥವಾ ನಾರಿನ ಹಗ್ಗವನ್ನು ಬಿಗಿಯಾಗಿ ಸುತ್ತಿ, ಅಲುಗಾಡದಂತೆ ನಿಲ್ಲಿಸಿ, ಬೆಕ್ಕು ಈಗ ಪರಚುತ್ತಿರುವ ಸ್ಥಳದ ಪಕ್ಕದಲ್ಲೇ ಇಡಬೇಕು. ಮೂಲೆಯಲ್ಲಿ ಇಟ್ಟರೆ ಪ್ರಯೋಜನವಾಗುವುದಿಲ್ಲ. ಕಂಬ ಅಲುಗಾಡಿದರೆ ಬೆಕ್ಕು ಮತ್ತೆ ಅದರ ಬಳಿ ಹೋಗುವುದಿಲ್ಲ. ಇದರ ಜೊತೆಗೆ ಎರಡು ಮೂರು ವಾರಗಳಿಗೊಮ್ಮೆ ಉಗುರಿನ ಚೂಪಾದ ತುದಿಯನ್ನಷ್ಟೇ, ಒಳಗಿನ ಗುಲಾಬಿ ಬಣ್ಣದ ಜೀವಂತ ಭಾಗಕ್ಕೆ ತಾಗದಂತೆ, ಕತ್ತರಿಸಬಹುದು. ಮೊದಲ ಸಲ ಪಶು ಆಸ್ಪತ್ರೆಯ ಸಿಬ್ಬಂದಿಯಿಂದ ತೋರಿಸಿಕೊಂಡು ಕಲಿತರೆ ಮುಂದೆ ಮನೆಯಲ್ಲಿಯೇ ಮಾಡಿಕೊಳ್ಳಲು ಸಾಧ್ಯ.

ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಭಾಗದಲ್ಲಿ ಹಾಗೂ ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗ ಭಾಗದಲ್ಲಿ ಕಾಳಿನ ಮೂಟೆ ಇಟ್ಟ ಮನೆಯವರು ಈ ಪ್ರಶ್ನೆಯನ್ನೇ ಕೇಳುವುದಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿ ಬೆಕ್ಕನ್ನು ಇಟ್ಟುಕೊಳ್ಳುವುದೇ ಅದರ ಉಗುರಿಗಾಗಿ. ಉಗುರಿಲ್ಲದ ಬೆಕ್ಕು ಇಲಿ ಹಿಡಿಯುವುದು ಕಷ್ಟ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಬೇವಿನ ಮರ ಹತ್ತುವುದು ಇನ್ನೂ ಕಷ್ಟ. ಮನೆಯೊಳಗಿನ ಬೆಕ್ಕೂ ಒಂದು ದಿನ ಬಾಗಿಲು ತೆರೆದಾಗ ಹೊರಗೆ ಹೋಗುವ ಸಂಭವ ಇದ್ದೇ ಇರುತ್ತದೆ.

ಕಾನೂನಿನ ಸ್ಥಿತಿ

ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960ರ ಹಿಂದೆಯೂ ಒಂದು ಅಭಿಯಾನವಿತ್ತು. ರಾಜ್ಯಸಭೆಯ ಸದಸ್ಯರಾಗಿದ್ದ ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರು 1953ರಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದ್ದರು. ಸರ್ಕಾರವೇ ಸಮಗ್ರ ಕಾನೂನು ತರುವುದಾಗಿ ಭರವಸೆ ದೊರೆತ ಮೇಲೆ ಅದನ್ನು ಹಿಂಪಡೆಯಲಾಯಿತು. 1960ರಲ್ಲಿ ಅಧಿನಿಯಮ ಅಂಗೀಕಾರವಾಯಿತು. 1962ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರು.

ಸದರಿ ಅಧಿನಿಯಮದ 11(1)(ಎಲ್) ಖಂಡವು ಪ್ರಾಣಿಯನ್ನು ಅಂಗಭಂಗ ಮಾಡುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. 31ನೇ ಪ್ರಕರಣದಂತೆ ಇದು ಸಂಜ್ಞೇಯ ಅಪರಾಧವಾಗಿರುವುದರಿಂದ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು. ದನಗಳ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಮೂಗುದಾರ ಹಾಕುವುದು ಮುಂತಾದವುಗಳಿಗೆ ನಿಯಮಾನುಸಾರ ಮಾಡಿದಲ್ಲಿ ವಿನಾಯಿತಿ ಇದೆ. ಬೆಕ್ಕಿನ ಉಗುರು ಆ ವಿನಾಯಿತಿಗಳ ಪಟ್ಟಿಯಲ್ಲಿ ಇಲ್ಲ.

ಆದರೆ ಉಗುರು ತೆಗೆಯುವುದು ನಿಷೇಧಿತವೆಂದು ಹೆಸರಿಸಿ ಹೇಳುವ ವಾಕ್ಯವೂ ಅಧಿನಿಯಮದಲ್ಲಿ ಇಲ್ಲ. "ಅನಾವಶ್ಯಕ ಕ್ರೂರ ರೀತಿ" ಎಂಬ ಮಾತು ಅದೇ ಖಂಡದಲ್ಲಿ ಇರುವುದರಿಂದ, ಅರಿವಳಿಕೆ ನೀಡಿ ಮಾಡಿದ್ದು ಕ್ರೂರವಲ್ಲ ಎಂದು ವಾದಿಸಲು ಎಡೆಯಿದೆ. ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ರಾಯಚೂರಿನಿಂದ ಮಾನ್ವಿಗೆ ಹೋಗಿಬರುವ ಬಸ್ ಖರ್ಚಿಗೂ ಇದು ಸಾಲದು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ದಂಡವನ್ನು ಹೆಚ್ಚಿಸುವ ಕರಡು ತಿದ್ದುಪಡಿ ಮಸೂದೆಯನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತ್ತು. ನೆರೆಯವರ ಬೆಕ್ಕನ್ನು ದ್ವೇಷದಿಂದ ಅಂಗವಿಕಲಗೊಳಿಸಿದಂತಹ ಪ್ರಕರಣಗಳಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಪ್ರಕರಣವೂ ಅನ್ವಯವಾಗುತ್ತದೆ. ಅದರಲ್ಲಿ 5 ವರ್ಷಗಳವರೆಗೆ ಶಿಕ್ಷೆಗೆ ಅವಕಾಶವಿದೆ.

ಹೆಸರಿಸದ ನಿಷೇಧ ಎಷ್ಟು ದುರ್ಬಲ ಎಂಬುದಕ್ಕೆ ನಾಯಿಗಳ ಉದಾಹರಣೆ ಸಾಕು. ಅಂದಕ್ಕಾಗಿ ನಾಯಿಯ ಬಾಲ ಮತ್ತು ಕಿವಿ ಕತ್ತರಿಸಬಾರದೆಂದು ಭಾರತೀಯ ಪಶುವೈದ್ಯಕೀಯ ಪರಿಷತ್ತು 2011ರಲ್ಲಿ ಪಶುವೈದ್ಯರಿಗೆ ಸೂಚಿಸಿತು. ಅದನ್ನು ಕೆನಲ್ ಕ್ಲಬ್ ಆಫ್ ಇಂಡಿಯಾ ಪ್ರಶ್ನಿಸಿತು; 2013ರಲ್ಲಿ ಮದ್ರಾಸ್ ಹೈಕೋರ್ಟ್ ಆ ಸೂಚನೆಯನ್ನು ರದ್ದುಪಡಿಸಿತು. ಸುತ್ತೋಲೆಯಿಂದ ಆಗದ ಕೆಲಸವನ್ನು ಶಾಸನದಿಂದಲೇ ಮಾಡಬೇಕಾಗುತ್ತದೆ.

ಬೇರೆ ದೇಶಗಳಲ್ಲಿ ನಿಷೇಧ ಬಂದ ಬಗೆ

ಈ ಶಸ್ತ್ರಚಿಕಿತ್ಸೆ ಅತಿ ಹೆಚ್ಚು ರೂಢಿಯಲ್ಲಿದ್ದದ್ದು ಅಮೆರಿಕ ಮತ್ತು ಕೆನಡಾದಲ್ಲಿ. ಯುರೋಪಿನ ಸಾಕುಪ್ರಾಣಿ ಸಂರಕ್ಷಣಾ ಒಪ್ಪಂದವು 1987ರಲ್ಲಿಯೇ ಇದನ್ನು ಹೆಸರಿಸಿ ನಿಷೇಧಿಸಿತ್ತು. ಇಸ್ರೇಲ್ 2011ರಲ್ಲಿ ನಿಷೇಧಿಸಿತು. ಅಮೆರಿಕದಲ್ಲಿ ಮಾತ್ರ ಹೋರಾಟ ಊರೂರಿನಲ್ಲಿ ನಡೆಯಿತು. ಸರ್ಕಸ್ ಮುಂತಾದೆಡೆ ಉಗುರು ತೆಗೆಸಿಕೊಂಡು ಕುಂಟುತ್ತಿದ್ದ ಹುಲಿ, ಸಿಂಹಗಳ ಪಾದಗಳಿಗೆ ಚಿಕಿತ್ಸೆ ನೀಡುತ್ತಿದ್ದ ಜೆನ್ನಿಫರ್ ಕಾನ್ರಾಡ್ ಎಂಬ ಪಶುವೈದ್ಯೆಯ ಪ್ರಯತ್ನದಿಂದ ಕ್ಯಾಲಿಫೋರ್ನಿಯಾದ ವೆಸ್ಟ್ ಹಾಲಿವುಡ್ ಎಂಬ ಸಣ್ಣ ನಗರ 2003ರಲ್ಲಿ ಮೊದಲು ನಿಷೇಧ ತಂದಿತು. ರಾಜ್ಯದ ಪಶುವೈದ್ಯರ ಸಂಘವೇ ಅದರ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. 2007ರಲ್ಲಿ ಮೇಲ್ಮನವಿ ನ್ಯಾಯಾಲಯ ನಗರದ ಪರವಾಗಿ ತೀರ್ಪು ನೀಡಿತು. ನಂತರ, 2010ರ ಜನವರಿ 1ರಿಂದ ನಗರಗಳಿಗೆ ಇಂತಹ ನಿಷೇಧದ ಅಧಿಕಾರ ಇರದಂತೆ ರಾಜ್ಯ ಕಾನೂನು ಬಂದಿತು. ಆ ದಿನಾಂಕಕ್ಕೆ ಮೊದಲೇ, 2009ರ ಕೊನೆಯ ತಿಂಗಳುಗಳಲ್ಲಿ, ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ ಸೇರಿ ಏಳು ನಗರಗಳು ಅವಸರದಿಂದ ನಿಷೇಧ ಅಂಗೀಕರಿಸಿದವು. 2012ರಲ್ಲಿ ಅದೇ ರಾಜ್ಯ, ಬಾಡಿಗೆದಾರರ ಬೆಕ್ಕಿನ ಉಗುರು ತೆಗೆಸಬೇಕೆಂದು ಮನೆ ಮಾಲೀಕರು ಷರತ್ತು ಹಾಕುವಂತಿಲ್ಲ ಎಂದು ಕಾನೂನು ಮಾಡಿತು. ಬಾಡಿಗೆ ಮನೆಯ ಕಾರಣ ನೀಡುವ ನಮ್ಮ ಅರ್ಜಿದಾರರಿಗೂ ಇದು ಯೋಚಿಸತಕ್ಕ ಸಂಗತಿ. ಇಡೀ ರಾಜ್ಯಕ್ಕೆ ಅನ್ವಯಿಸುವ ನಿಷೇಧವನ್ನು ಅಮೆರಿಕದಲ್ಲಿ ಮೊದಲು ತಂದದ್ದು ನ್ಯೂಯಾರ್ಕ್, 2019ರಲ್ಲಿ.

ಮನವಿ ಮತ್ತು ದೂರು ಸಲ್ಲಿಸುವ ಕ್ರಮ

ಪ್ರಾಣಿಹಿಂಸೆ ತಡೆಯು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ 17ನೇ ವಿಷಯವಾಗಿದ್ದು, ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಶಾಸನ ರಚಿಸುವ ಅಧಿಕಾರವಿದೆ. ಕಂಬಳಕ್ಕಾಗಿ ಕರ್ನಾಟಕವು ಇದೇ ಅಧಿನಿಯಮಕ್ಕೆ 2017ರಲ್ಲಿ ತಿದ್ದುಪಡಿ ತಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅದನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2023ರ ಮೇ 18ರಂದು ಎತ್ತಿಹಿಡಿದಿದೆ. ಅದು ವಿನಾಯಿತಿ ನೀಡುವ ತಿದ್ದುಪಡಿ. ನಿಷೇಧವನ್ನು ಬಿಗಿಗೊಳಿಸುವ ತಿದ್ದುಪಡಿಗೂ ದಾರಿ ಅದೇ ಆಗಿರುತ್ತದೆ.

ನಿಷೇಧ ಕೋರುವವರು ಸರ್ಕಾರದ ಕಾರ್ಯದರ್ಶಿಯವರು, ಪಶುಸಂಗೋಪನೆ ಮತ್ತು ಮೀನುಗಾರಿಕೆ ಇಲಾಖೆ, ಬೆಂಗಳೂರು ಇವರಿಗೆ ಹಾಗೂ ಹರಿಯಾಣದ ಬಲ್ಲಭಗಢದಲ್ಲಿರುವ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಲಿಖಿತ ಮನವಿ ಸಲ್ಲಿಸಬಹುದು. ತಮ್ಮ ಕ್ಷೇತ್ರದ ಶಾಸಕರ ಮೂಲಕ ವಿಧಾನಸಭೆಯ ಅರ್ಜಿಗಳ ಸಮಿತಿಯ ಗಮನಕ್ಕೆ ತರಲೂ ಅವಕಾಶವಿದೆ. ಮನವಿಯಲ್ಲಿ "ಪ್ರಾಣಿಹಿಂಸೆ ನಿಲ್ಲಿಸಿ" ಎಂದಷ್ಟೇ ಬರೆದರೆ ಕಡತ ಮುಂದೆ ಸಾಗುವುದು ಕಷ್ಟ. 11ನೇ ಪ್ರಕರಣಕ್ಕೆ ಯಾವ ಪದಗಳನ್ನು ಸೇರಿಸಬೇಕು, ಚಿಕಿತ್ಸೆಯ ಸಂದರ್ಭಕ್ಕೆ ಯಾವ ವಿನಾಯಿತಿ ಇರಬೇಕು, ಸ್ನಾಯುರಜ್ಜು ಕತ್ತರಿಸುವುದೂ ಸೇರಬೇಕೇ ಎಂಬುದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.

ಯಾವುದೇ ವ್ಯಕ್ತಿ ಬೆಕ್ಕಿನ ಉಗುರು ಕಿತ್ತಿರುವುದು ಅಥವಾ ನೋಂದಾಯಿತ ಪಶುವೈದ್ಯರಲ್ಲದವರು ಶಸ್ತ್ರಚಿಕಿತ್ಸೆ ಮಾಡಿರುವುದು ಕಂಡುಬಂದಲ್ಲಿ ಸ್ಥಳೀಯ ಪೊಲೀಸ್ ಠಾಣೆಗೆ ದೂರು ನೀಡಿ, ಅದರ ಪ್ರತಿಯನ್ನು ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಮತ್ತು ತಾಲ್ಲೂಕಿನ ಪಶುಪಾಲನಾ ಇಲಾಖೆಯ ಸಹಾಯಕ ನಿರ್ದೇಶಕರಿಗೆ ಸಲ್ಲಿಸುವುದು. ದಿನಾಂಕ, ಸ್ಥಳ, ಪಾದದ ಛಾಯಾಚಿತ್ರ ಮತ್ತು ಸಾಧ್ಯವಿದ್ದಲ್ಲಿ ಪಶುವೈದ್ಯರ ತಪಾಸಣಾ ಟಿಪ್ಪಣಿಯನ್ನು ಲಗತ್ತಿಸತಕ್ಕದ್ದು. ಅಧಿನಿಯಮದ 36ನೇ ಪ್ರಕರಣದಂತೆ ಕೃತ್ಯ ನಡೆದ ಮೂರು ತಿಂಗಳ ನಂತರ ಮೊಕದ್ದಮೆ ಹೂಡಲು ಬರುವುದಿಲ್ಲವಾದ್ದರಿಂದ ವಿಳಂಬ ಮಾಡಬಾರದು. ಪ್ರಾಣಿಯು ರಕ್ತಸ್ರಾವದಿಂದ ಬಳಲುತ್ತಿದ್ದಲ್ಲಿ ದೂರಿಗೆ ಮುಂಚೆ ಹತ್ತಿರದ ಪಶು ಆಸ್ಪತ್ರೆಗೆ ಕೊಂಡೊಯ್ಯುವುದು ಅಥವಾ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡುವುದು. ದೂರಿಗೆ ಶುಲ್ಕವಿರುವುದಿಲ್ಲ, ಸಲ್ಲಿಸಿದ ಕಚೇರಿಯಿಂದ ದಿನಾಂಕ ಸಹಿತ ಸ್ವೀಕೃತಿ ಪಡೆದುಕೊಳ್ಳತಕ್ಕದ್ದು.