ಸಾಕಿದ ಬಾತುಕೋಳಿಗಳ ಕಾಯಿಲೆ

ಬಾತುಕೋಳಿಯು ನೀರಿನ ಹಕ್ಕಿ. ಆದುದರಿಂದ ಮಲೆನಾಡಿನ ಮಳೆಗಾಲವು ಅದಕ್ಕೆ ಹಬ್ಬವೆಂದು ನಾವು ಭಾವಿಸುವುದು ಸಹಜ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಲ್ಲಿ ಮನೆಯ ಹಿತ್ತಲಿನಲ್ಲಿ ಒಂದೆರಡು ಜೊತೆ ಬಾತುಗಳನ್ನು ಪ್ರೀತಿಗಾಗಿ ಸಾಕಿದವರು ಈ ಭಾವನೆಯಿಂದಲೇ ಮೋಸಹೋಗುವ ಸಂಭವವುಂಟು. ತಿಳಿಯಾದ ನೀರು ಬಾತಿಗೆ ಹಿತವಾದುದು ನಿಜ. ಆದರೆ ತಿಂಗಳುಗಟ್ಟಲೆ ಬಿಸಿಲು ಕಾಣದ ಗೂಡಿನ ತೇವವೂ, ಆ ತೇವದಿಂದ ಬೂಷ್ಟು ಹಿಡಿದ ಮೇವೂ ಅದರ ಪ್ರಾಣಕ್ಕೇ ಎರವಾಗತಕ್ಕವು.

ಮೊದಲು, ಕಾಯಿಲೆಯನ್ನು ಗುರುತಿಸುವ ಬಗೆ. ದುರ್ಬಲವಾದ ಹಕ್ಕಿಯನ್ನು ಹದ್ದು ನರಿಗಳು ಮೊದಲು ಹಿಡಿಯುವುದರಿಂದ, ಬೇನೆಯನ್ನು ಕೈಲಾದಷ್ಟು ಕಾಲ ಮರೆಮಾಚುವುದು ಅವುಗಳ ಸ್ವಭಾವ. ಬಾತು ಎಲ್ಲರೆದುರಿಗೆ ಮುದುಡಿ ಕುಳಿತಿತೆಂದರೆ ರೋಗವು ಆಗಲೇ ಬಹುದೂರ ಬಂದಿದೆಯೆಂದು ತಿಳಿಯತಕ್ಕದ್ದು. ಆದಕಾರಣ ಬೆಳಗ್ಗೆ ಗೂಡಿನ ಬಾಗಿಲನ್ನು ತೆರೆಯುವ ಗಳಿಗೆಯೇ ಪರೀಕ್ಷೆಗೆ ಯೋಗ್ಯವಾದುದು. ಆರೋಗ್ಯವಾಗಿರುವುವು ಒಂದನ್ನೊಂದು ತಳ್ಳಿಕೊಂಡು ಹೊರಕ್ಕೆ ಓಡುತ್ತವೆ. ಹಿಂದೆ ಉಳಿದುದು ಯಾವುದೆಂದು ನೋಡಬೇಕು. ಕಣ್ಣಿನಲ್ಲಿ ನೀರು ಸುರಿಯುವುದೇ? ಹಿಕ್ಕೆ ಹಸುರಾಗಿ ನೀರಾಗಿದೆಯೇ? ಈಜಿ ಮೇಲಕ್ಕೆ ಬಂದಾಗ ಹನಿಗಳು ಗರಿಯ ಮೇಲಿನಿಂದ ಜಾರಿಹೋಗುವ ಬದಲು ಗರಿಯೇ ನೆನೆದು ಮೈಗೆ ಅಂಟುವುದೇ? ಕೊನೆಗೆ, ಹಕ್ಕಿಯನ್ನು ಎತ್ತಿಕೊಂಡು ಎದೆಯ ಮೂಳೆಯನ್ನು ಮುಟ್ಟಿನೋಡಬೇಕು. ಗರಿಗಳು ಕೃಶತೆಯನ್ನು ಮುಚ್ಚಿಬಿಡುತ್ತವೆ, ಬೆರಳು ಮೋಸಹೋಗುವುದಿಲ್ಲ. ಹೆಣ್ಣು ಬಾತಿನ ಗದ್ದಲವು ನೆರೆಯವರಿಗೆ ಕಿರುಕುಳವೇ ಸರಿ. ಆದರೆ ಒಂದು ದಿನ ಅದು ತಾನಾಗಿ ಮೌನವಹಿಸಿದರೆ ಸಂತೋಷಪಡುವ ಕಾರಣವಿಲ್ಲ.

ಇನ್ನು ಬೂಷ್ಟಿನ ವಿಷಯ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಯ ಮರಿಗಳು ಕೆಲವೇ ತಿಂಗಳುಗಳಲ್ಲಿ ಸತ್ತುವು. ಬಾತಿನ ಮರಿಗಳೂ ಸತ್ತುವು. ಯಾವ ಸೋಂಕೂ ಕಾಣದೆ ಬೆರಗಾದ ಪಂಡಿತರು ಕಡೆಗೆ ಬ್ರೆಜಿಲಿನಿಂದ ತರಿಸಿದ ಕಡಲೆಕಾಯಿ ಹಿಂಡಿಯನ್ನು ಪರೀಕ್ಷಿಸಿ, ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಬೂಷ್ಟು ಒಂದು ವಿಷವನ್ನು ಸ್ರವಿಸುವುದೆಂದು ಕಂಡುಕೊಂಡರು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಬಾತಿನ ಮರಿಯು ಈ ವಿಷಕ್ಕೆ ಎಷ್ಟು ಬೇಗನೆ ಬಲಿಯಾಗುವುದೆಂದರೆ, ಮೇವಿನಲ್ಲಿ ವಿಷವುಂಟೇ ಎಂದು ತಿಳಿಯಲು ಪ್ರಯೋಗಶಾಲೆಗಳಲ್ಲಿ ಒಂದು ದಿನದ ಬಾತಿನ ಮರಿಗಳನ್ನೇ ಉಪಯೋಗಿಸುತ್ತಿದ್ದರು. ನಮ್ಮ ಮನೆಗಳಲ್ಲಿಯೋ, ಮನುಷ್ಯರು ತಿನ್ನಲಾಗದ ಮುಗ್ಗಲು ನುಚ್ಚನ್ನೂ ಗಂಟುಕಟ್ಟಿದ ಹಿಂಡಿಯನ್ನೂ ‘ಹಕ್ಕಿಗಾದರೂ ಆಗಲಿ’ ಎಂದು ಎಸೆಯುವುದು ರೂಢಿ. ಮಿತವ್ಯಯವು ಒಳ್ಳೆಯ ಗುಣ. ಇಲ್ಲಿ ಮಾತ್ರ ಅದು ಕೊಲೆಗೆ ಸಮಾನವಾಗುತ್ತದೆ. ತೊಳೆದು ಬೇಯಿಸಿ ಕೊಟ್ಟರೆ ದೋಷ ಹೋಗುವುದೆಂಬುದೂ ತಪ್ಪು, ಏಕೆಂದರೆ ಒಲೆಯ ಶಾಖಕ್ಕೆ ಈ ವಿಷವು ನಾಶವಾಗುವುದಿಲ್ಲ. ವಿಷವು ಯಕೃತ್ತನ್ನು ಕೆಡಿಸುತ್ತದೆ. ಮರಿಯು ಮೇವು ಬಿಟ್ಟು ತೂರಾಡುತ್ತದೆ, ಕಾಲುಗಳು ನೇರಳೆಯ ಬಣ್ಣಕ್ಕೆ ತಿರುಗುತ್ತವೆ, ತಲೆ ಬೆನ್ನಿನ ಕಡೆಗೆ ಸೆಳೆದು ಪ್ರಾಣ ಹೋಗುತ್ತದೆ. ಇದಕ್ಕೆ ಪ್ರತಿವಿಷವಿಲ್ಲ, ಆ ಮೇವನ್ನು ಆ ಕ್ಷಣವೇ ನಿಲ್ಲಿಸಿ ಹೊಸದನ್ನು ಕೊಡುವುದೊಂದೇ ದಾರಿ. ಆಷಾಢ ಶ್ರಾವಣಗಳಲ್ಲಿ ಹಿಂಡಿಯನ್ನೂ ಮುಸುಕಿನ ಜೋಳವನ್ನೂ ಒಂದು ವಾರಕ್ಕೆ ಸಾಕಾಗುವಷ್ಟು ಮಾತ್ರ ತಂದು, ಒಲೆಯ ಮೇಲಿನ ಅಟ್ಟದಲ್ಲಿಡುವುದು ಲೇಸು. ಬೂಷ್ಟು ಹಿಡಿದ ಹುಲ್ಲನ್ನು ಗೂಡಿಗೆ ಹಾಸಿದರೂ ಅಪಾಯವೇ: ಅದರ ಧೂಳು ಶ್ವಾಸಕೋಶವನ್ನು ಸೇರಿ, ಹಕ್ಕಿಯು ಕೊಕ್ಕು ತೆರೆದು ಏದುಸಿರು ಬಿಡತೊಡಗುತ್ತದೆ.

ಅಡಕೆಯ ತೋಟದಲ್ಲಿ ಮತ್ತೊಂದು ಎಚ್ಚರಿಕೆ ಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ರೂಢಿಗೆ ತಂದವರು ಡಾಕ್ಟರ್ ಲೆಸ್ಲಿ ಕೋಲ್ಮನ್ನರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರುವ ಈ ಔಷಧವು ತೋಟವನ್ನು ಉಳಿಸಿತು. ಆದರೆ ತುತ್ತ ಕರಗಿಸಿದ ಪಾತ್ರೆಯನ್ನು ತೊಳೆದ ನೀರನ್ನು ಬಾತುಗಳು ಆಡುವ ಬಸಿಗಾಲುವೆಗೆ ಚೆಲ್ಲಬಾರದು. ತಾಮ್ರವು ಅವುಗಳಿಗೆ ವಿಷ.

ಕತ್ತು ಸೋತು ಹಗ್ಗದಂತೆ ಜೋತುಬಿದ್ದರೆ, ಕೊಳೆತ ಹೆಣದ ಹುಳುಗಳನ್ನು ಅಥವಾ ನಿಂತ ನೀರಿನ ಕೆಸರನ್ನು ತಿಂದು ಬೊಟುಲಿಸಂ ಬಂದಿರಬಹುದು. ಅಂತಹ ಹಕ್ಕಿಯನ್ನು ಈಜಲು ಬಿಟ್ಟರೆ ಮುಳುಗಿ ಸಾಯುತ್ತದೆ. ಮರಿಗಳ ಕಾಲು ಬಿಲ್ಲಿನಂತೆ ಬಾಗುವುದು ಸೋಂಕಿನಿಂದಲ್ಲ. ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ. ಬಾತಿನ ಮರಿಗೆ ಕಿಲೋ ಮೇವಿನಲ್ಲಿ ಸುಮಾರು 55 ಮಿಲಿಗ್ರಾಂ ಬೇಕು, ಕೋಳಿಮರಿಗೆ ಸಾಕಾಗುವುದು ಇದಕ್ಕೆ ಸಾಲದು. ಬರಿಯ ನುಚ್ಚು ಜೋಳಗಳ ಮೇಲೆ ಬೆಳೆದ ಮರಿಗೆ ಈಸ್ಟಿನ ಪುಡಿಯನ್ನು ಬೇಗನೆ ಸೇರಿಸಿದರೆ ಗುಣ ಕಾಣುವುದುಂಟು. ಅಂಗಾಲಿನ ಬಾವು ಒರಟು ನೆಲದ ಫಲ. ಉಪ್ಪು ಬೆರಸಿದ ಬೆಚ್ಚನೆಯ ನೀರಿನಲ್ಲಿ ಕಾಲನ್ನು ನೆನೆಯಿಸಿ, ಮೆತ್ತನೆಯ ಒಣ ಹಾಸಿಗೆಯನ್ನು ಕೊಡಬೇಕು. ಕೀವನ್ನು ಮನೆಯಲ್ಲಿ ಕೊಯ್ಯುವ ಸಾಹಸ ಬೇಡ.

ಯಾವ ಕಾಯಿಲೆಯೆಂದು ತಿಳಿಯದಿದ್ದಾಗಲೂ ಮಾಡಬಹುದಾದುದು ಇಷ್ಟುಂಟು: ರೋಗಿಯನ್ನು ಬೇರೆಯಿಡುವುದು, ಬೆಚ್ಚಗೆ ಒಣಗಿರಿಸುವುದು, ಕೊಕ್ಕು ಮುಳುಗುವಷ್ಟು ಆಳದ ಪಾತ್ರೆಯಲ್ಲಿ ಶುದ್ಧವಾದ ನೀರನ್ನಿಡುವುದು, ಆ ದಿನವೇ ತಾಲ್ಲೂಕಿನ ಪಶುವೈದ್ಯರಲ್ಲಿಗೆ ಒಯ್ಯುವುದು. ಮನುಷ್ಯರ ಮಾತ್ರೆಯನ್ನು ಅಂದಾಜಿನಿಂದ ಮುರಿದು ನುಂಗಿಸಬಾರದು. 1923ರಲ್ಲಿ ಹಾಲೆಂಡಿನಲ್ಲಿ ಮೊದಲು ವರ್ಣಿತವಾದ ಬಾತಿನ ಪ್ಲೇಗಿಗಂತೂ ಬಂದ ಮೇಲೆ ಮದ್ದಿಲ್ಲ; ಮುಂಚಿತವಾಗಿ ಹಾಕಿಸುವ ಲಸಿಕೆಯೇ ಗತಿ.

ಒಂದೆರಡು ದಿನಗಳೊಳಗೆ ಹಲವು ಹಕ್ಕಿಗಳು ಸತ್ತರೆ ಅದು ಮನೆಯ ಮಾತಾಗಿ ಉಳಿಯಕೂಡದು. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿಸಾಕಣೆಯ ಕ್ಷೇತ್ರದಲ್ಲಿಯೇ ಹಕ್ಕಿಜ್ವರವು ಕಾಣಿಸಿಕೊಂಡಿತ್ತು. ಬಾತುಗಳು ಈ ರೋಗವನ್ನು ಹೊರಗೆ ತೋರದೆಯೂ ಹೊತ್ತು ತಿರುಗಬಲ್ಲುವು, ಮನುಷ್ಯರಿಗೂ ಅದು ತಗಲುವುದುಂಟು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದೆ, ಕೊಯ್ದು ನೋಡದೆ, ತುಂಗೆಗಾಗಲಿ ಭದ್ರೆಯ ಹಿನ್ನೀರಿಗಾಗಲಿ ಎಸೆಯದೆ, ಮಕ್ಕಳನ್ನು ದೂರವಿರಿಸಿ, ಪಶುಚಿಕಿತ್ಸಾಲಯಕ್ಕೆ ಕೂಡಲೇ ಸುದ್ದಿಯನ್ನು ಮುಟ್ಟಿಸತಕ್ಕದ್ದು. ಹೂಳುವುದು ಅವರು ಬಂದು ನೋಡಿದ ಮೇಲೆ.