ರೈತನ ಹಣವೂ ಮೊಬೈಲ್ ಫೋನೂ

ಬೆಳೆದ ಧಾನ್ಯವನ್ನು ಹಗೇವಿನಲ್ಲಿ ತುಂಬಿ ಅದರ ಬಾಯನ್ನು ಭದ್ರಪಡಿಸುವುದು ಈ ನಾಡಿನ ಬೇಸಾಯಗಾರರ ಹಳೆಯ ವಾಡಿಕೆ. ಧಾನ್ಯವನ್ನು ಮಾರಿ ಬಂದ ಹಣವು ಈಗ ಬಹುಮಟ್ಟಿಗೆ ಬ್ಯಾಂಕಿನ ಖಾತೆಗೆ ಸೇರುತ್ತದೆ. ಆ ಖಾತೆಯ ಬೀಗದ ಕೈಯು ಅನೇಕರಿಗೆ ಮೊಬೈಲ್ ಫೋನಿನಲ್ಲಿಯೇ ಇರುತ್ತದೆ. ಬೀಜಕ್ಕೂ ಗೊಬ್ಬರಕ್ಕೂ ಕೂಡಿಟ್ಟ ಹಣವು ಬಿತ್ತನೆಯ ಕಾಲದಲ್ಲಿ ಕಳವಾದರೆ, ಹದ ಬಂದ ಹೊಲವು ಬೀಳು ಬೀಳಬೇಕಾದೀತು. ಆದುದರಿಂದ ಈ ಕಳವು ನಡೆಯುವ ಬಗೆಯನ್ನು ರೈತರು ಅರಿತಿರುವುದು ಅವಶ್ಯಕ.

ಈ ಕಳ್ಳನು ಗೋಡೆಗೆ ಕನ್ನ ಕೊರೆಯುವುದು ಅಪರೂಪ. ಮನೆಯ ಯಜಮಾನನಿಂದಲೇ ಬಾಗಿಲನ್ನು ತೆಗೆಯಿಸುತ್ತಾನೆ. ೨೦೧೯ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ಹೆಸರನ್ನು ಇದಕ್ಕೆ ಉಪಯೋಗಿಸಿಕೊಂಡಿರುವುದುಂಟು. "ಇ-ಕೆವೈಸಿ ಆಗಿಲ್ಲ, ಕಂತು ನಿಲ್ಲುತ್ತದೆ" ಎಂಬ ಬೆದರಿಕೆಯೊಡನೆ ವಾಟ್ಸ್ಆ್ಯಪ್ ಮೂಲಕ ಒಂದು ಕಡತವು ಬರುತ್ತದೆ. ಅದರ ಹೆಸರು "ಎಪಿಕೆ" ಎಂಬ ಅಕ್ಷರಗಳಿಂದ ಮುಗಿಯುತ್ತದೆ. ಅದನ್ನು ಒತ್ತಿ, ಫೋನು ಕೇಳುವ ಅಪ್ಪಣೆಗಳನ್ನೆಲ್ಲ ಕೊಟ್ಟರೆ, ಬ್ಯಾಂಕಿನಿಂದ ಬರುವ ಒಟಿಪಿ ಸಂದೇಶಗಳನ್ನು ಕಳ್ಳನು ದೂರದಿಂದಲೇ ಓದಬಲ್ಲನು. ಹಣವನ್ನು ಸಾಗಿಸಲು ಅವನಿಗೆ ಬೇಕಾದುದು ಇದೇ. ಸಂದೇಶವನ್ನು ಕಳುಹಿಸಿದವರು ಪರಿಚಿತರೇ ಆಗಿದ್ದರೂ ನಂಬತಕ್ಕದ್ದಲ್ಲ. ಅವರ ಫೋನೂ ಹೀಗೆಯೇ ಕಳ್ಳನ ವಶವಾಗಿರಬಹುದು. ಇ-ಕೆವೈಸಿಯನ್ನು ಯೋಜನೆಯ ಅಧಿಕೃತ ಜಾಲತಾಣದಲ್ಲಾಗಲಿ, ಗ್ರಾಮದ ಸಾಮಾನ್ಯ ಸೇವಾ ಕೇಂದ್ರದಲ್ಲಾಗಲಿ ಮಾಡಿಸಿಕೊಳ್ಳಬಹುದು.

ಎರಡನೆಯ ಬಗೆಯು ವ್ಯಾಪಾರದ ವೇಷದಲ್ಲಿ ಬರುತ್ತದೆ. ಹಸುವನ್ನೋ ಹಳೆಯ ಟ್ರ್ಯಾಕ್ಟರನ್ನೋ ಕೊಳ್ಳುವೆನೆಂದು ಒಬ್ಬನು ಫೋನಿನಲ್ಲಿ ಒಪ್ಪುತ್ತಾನೆ; ಬೆಲೆಯ ಚೌಕಾಶಿಯನ್ನೂ ಮಾಡುವುದಿಲ್ಲ. ಮುಂಗಡವನ್ನು ಪಡೆಯಲು ಒಂದು ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ, ಯುಪಿಐ ಪಿನ್ ಒತ್ತಬೇಕೆಂದು ಹೇಳುತ್ತಾನೆ. ಇಲ್ಲಿ ನೆನಪಿಡತಕ್ಕ ನಿಯಮವು ಒಂದೇ: ಹಣವನ್ನು ಪಡೆಯುವುದಕ್ಕೆ ಪಿನ್ ಎಂದಿಗೂ ಬೇಕಾಗಿಲ್ಲ, ಕೊಡುವುದಕ್ಕೆ ಮಾತ್ರ ಬೇಕು. ಪಿನ್ ಒತ್ತಿದೊಡನೆ ಮಾರುವವನ ಹಣವೇ ಹೊರಟುಹೋಗುತ್ತದೆ.

ಬೆರಳಚ್ಚಿನ ವಿಷಯದಲ್ಲಿಯೂ ಎಚ್ಚರವು ಬೇಕು. ಆಧಾರ್ ಸಂಖ್ಯೆ ಮತ್ತು ಬೆರಳಚ್ಚುಗಳಿಂದ ಹಣ ತೆಗೆಯುವ ಏರ್ಪಾಡು ಬ್ಯಾಂಕಿನಿಂದ ದೂರವಿರುವ ಗ್ರಾಮಗಳಿಗೆ ಅನುಕೂಲವಾದುದೇ. ಆದರೆ ನಕಲಿ ಬೆರಳಚ್ಚುಗಳಿಂದ ಹಣವನ್ನು ಕದ್ದಿರುವುದೂ ಉಂಟು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಕರ್ಯವಿದೆ. ಪಡಿತರ ಮೊದಲಾದವುಗಳಿಗೆ ಬೆರಳೊತ್ತಬೇಕಾದಾಗ ಬೀಗವನ್ನು ತೆಗೆದು, ಕೆಲಸವಾದ ಮೇಲೆ ಮರಳಿ ಹಾಕಬಹುದು.

ಇಷ್ಟಾಗಿಯೂ ಹಣವು ಹೋದರೆ ನಾಚಿಕೆಯಿಂದ ಸುಮ್ಮನಿರುವುದು ತರವಲ್ಲ. ಕದ್ದ ಹಣವು ಖಾತೆಯಿಂದ ಖಾತೆಗೆ ಹಾರುತ್ತ ಹೋಗುತ್ತದೆ. ಕಳ್ಳನು ಅದನ್ನು ನಗದಾಗಿ ತೆಗೆದುಕೊಳ್ಳುವ ಮೊದಲು ಬ್ಯಾಂಕಿನವರು ತಡೆದರೆ ಉಳಿಯುವ ಸಂಭವವುಂಟು. ಆದುದರಿಂದ ಕಾಲವೇ ಇಲ್ಲಿ ಮುಖ್ಯ. ಫೋನಿನ ಇಂಟರ್ನೆಟ್ಟನ್ನು ನಿಲ್ಲಿಸಿ, ಬೇರೊಂದು ಫೋನಿನಿಂದ ೧೯೩೦ ಎಂಬ ಸಂಖ್ಯೆಗೆ ಕೂಡಲೇ ಕರೆಮಾಡತಕ್ಕದ್ದು, ಬ್ಯಾಂಕಿಗೂ ತಿಳಿಸತಕ್ಕದ್ದು. ಹಣ ಹೋದ ಹೊತ್ತು, ಮೊತ್ತ, ವ್ಯವಹಾರದ ಸಂಖ್ಯೆ ಇವುಗಳುಳ್ಳ ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಬೇಕು.

ಮನೆಯಲ್ಲಿ ಫೋನನ್ನು ಹಿಡಿಯುವವರು ಹಲವರಿರುತ್ತಾರೆ. ವೃದ್ಧರಿಗೂ ಮಕ್ಕಳಿಗೂ ಈ ಸಂಗತಿಗಳನ್ನು ಓದಿ ಹೇಳಿ, ೧೯೩೦ ಎಂಬ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರೆದಿಡುವುದು ಉತ್ತಮ. ಅವಸರಪಡಿಸುವ ಕರೆ ಬಂದಾಗ ಫೋನನ್ನು ಕೆಳಗಿಟ್ಟು, ತಿಳಿದವರೊಬ್ಬರನ್ನು ವಿಚಾರಿಸಿದರೆ, ವರ್ಷದ ದುಡಿಮೆಯು ಉಳಿಯುವುದು.